ಹತ್ತೊಂಬತ್ತು ಒಂದುಗಳ ಸಂಖ್ಯೆ: ಸುಮ್ನೆ ನಂಬಬೇಕಾ, ತೋರಿಸಬಹುದಾ?

ಸೇಡಂ ರೋಡ್
1111111111111111111

ಎಣಿಸಿಕೊಳ್ಳಿ, ಹತ್ತೊಂಬತ್ತು ಒಂದುಗಳಿವೆ. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಪೂರ್ತಿ ಭಾಗ ಹೋಗುವುದಿಲ್ಲ. ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಇದನ್ನು ಬೋರ್ಡ್ ಮೇಲೆ ಬರೆದಾಗ ಒಬ್ಬ ಹುಡುಗ ಕೇಳಿದ, "ಸರ, ನೀವು ಹೇಳ್ತೀರಿ ಅಂತ ನಂಬಬೇಕಾ, ಇಲ್ಲ ತೋರಿಸ್ತೀರಾ?"

ಫೋನಿನಲ್ಲಿ ಹುಡುಕಿದರೆ ಉತ್ತರ ಕೂಡಲೇ ಬರುತ್ತದೆ. ಅದು ಬೇಡ. ಹತ್ತನೇ ಕ್ಲಾಸ್ ಮುಗಿಸಿದವರು ಪೆನ್ನು ಹಿಡಿದು ಹಿಂಬಾಲಿಸಬಹುದಾದ ದಾರಿ ಇದ್ದರೆ ಹೇಳಿ. ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಅರ್ಧ ದಾರಿಯಾದರೂ ಸಾಕು.

ಮಿರ್ಚಿ ಭಜಿ
11 ಅವಿಭಾಜ್ಯ. ಹಾಗಾದರೆ ಬರೀ ಒಂದುಗಳಿರುವ ಎಲ್ಲವೂ ಅವಿಭಾಜ್ಯ ಇರಬೇಕು. ಮುಗೀತು, ಚಹಾ ಹೇಳಿ.

ಯಾದಗಿರಿ ಲೆಕ್ಕದಕ್ಕ
ಚಹಾ ಆಮೇಲೆ. 111 ಅಂದರೆ 3 × 37. 1111 ಅಂದರೆ 11 × 101. ಎರಡನೇ ಹೆಜ್ಜೆಗೇ ಬಿತ್ತು ನಿಮ್ಮ ನಿಯಮ.

ಆದರೆ ಒಂದು ಮಾತು ಗ್ಯಾರಂಟಿಯಾಗಿ ಹೇಳಬಹುದು. ಒಂದುಗಳ ಲೆಕ್ಕವೇ ಭಾಗ ಹೋಗುವಂಥದ್ದಾಗಿದ್ದರೆ ಸಂಖ್ಯೆಯೂ ಭಾಗ ಹೋಗುತ್ತದೆ. ಆರು ಒಂದುಗಳನ್ನು ಮೂರು ಮೂರಾಗಿ ಕಟ್ಟಿ: 111111 = 111 × 1001. ಎಂಟನ್ನು ನಾಲ್ಕು ನಾಲ್ಕಾಗಿ ಕಟ್ಟಿ: 11111111 = 1111 × 10001. ಹೀಗಾಗಿ 4, 6, 8, 9, 10, 12 ಎಲ್ಲ ಔಟ್. ಒಂದುಗಳ ಲೆಕ್ಕ ಅವಿಭಾಜ್ಯವಾಗಿದ್ದರೆ ಮಾತ್ರ ಮುಂದೆ ನೋಡುವುದರಲ್ಲಿ ಅರ್ಥ ಇದೆ.

ಮಿರ್ಚಿ ಭಜಿ
19 ಅವಿಭಾಜ್ಯ ತಾನೇ? ಹಾಗಾದರೆ ಈಗಲಾದರೂ ಮುಗೀತು.

ಯಾದಗಿರಿ ಲೆಕ್ಕದಕ್ಕ
ಇಲ್ಲ ತಮ್ಮಾ. ಇದನ್ನು ನೋಡು:

3 ಒಂದುಗಳು = 3 × 37
5 ಒಂದುಗಳು = 41 × 271
7 ಒಂದುಗಳು = 239 × 4649
11 ಒಂದುಗಳು = 21649 × 513239
13 ಒಂದುಗಳು = 53 × 79 × 265371653
17 ಒಂದುಗಳು = 2071723 × 5363222357

ಎರಡು ಒಂದುಗಳ 11 ಬಿಟ್ಟರೆ, ಸಾಲಾಗಿ ಎಲ್ಲವೂ ಒಡೆದು ಹೋಗಿವೆ. 19ಕ್ಕೆ ಬಂದಾಗ ಮಾತ್ರ ಒಡೆಯುವುದಿಲ್ಲ. 19ರ ನಂತರ 23. ಅದಾದ ಮೇಲೆ 317ರವರೆಗೆ ಒಂದೂ ಇಲ್ಲ, ಆಮೇಲೆ 1031. ಇಂಥ ಅವಿಭಾಜ್ಯಗಳಿಗೆ ಕೊನೆ ಇದೆಯಾ ಇಲ್ಲವಾ ಅನ್ನುವುದನ್ನು ಇವತ್ತಿನವರೆಗೂ ಯಾರೂ ಸಾಧಿಸಿ ತೋರಿಸಿಲ್ಲ.

ಶಹಾಬಾದ್ ಫರಶಿ
ನಾನು ಸಾಫ್ಟ್‌ವೇರ್ ಕೆಲಸದವನು, ನನ್ನ ಬುದ್ಧಿ ಮೊದಲು ಯಂತ್ರದ ಕಡೆಗೇ ಓಡುತ್ತದೆ. ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕಲ್ವಾ? ಇದರ ವರ್ಗಮೂಲ ಸುಮಾರು 1,05,40,92,553. ಅಂದರೆ 105 ಕೋಟಿ ಚಿಲ್ಲರೆ. ಬೆಸ ಸಂಖ್ಯೆ ಮಾತ್ರ ತೆಗೆದುಕೊಂಡರೂ 52 ಕೋಟಿ ಭಾಗಾಕಾರ. ಲ್ಯಾಪ್‌ಟಾಪಿಗೆ ಇದು ಏನೂ ಅಲ್ಲ. ಸಂಖ್ಯೆ 64 ಬಿಟ್ ಒಳಗೆ ಆರಾಮಾಗಿ ಕೂರುತ್ತದೆ, ಭಾಜಕ 32 ಬಿಟ್ ಒಳಗೆ.

ಆದರೆ ಸೇಡಂ ರೋಡ್ ಸರ ಕೇಳಿದ್ದು ಇದಲ್ಲ ಅಂತ ಗೊತ್ತು. 52 ಕೋಟಿ ಸಲ ಭಾಗ ಹೋಗಲಿಲ್ಲ ಅಂತ ಯಂತ್ರ ಹೇಳಿದ್ದನ್ನು ನಂಬುವುದಕ್ಕೂ ಫೋನ್ ಹೇಳಿದ್ದನ್ನು ನಂಬುವುದಕ್ಕೂ ಹುಡುಗನ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಯಾದಗಿರಿ ಲೆಕ್ಕದಕ್ಕ
52 ಕೋಟಿ ಬೇಕಿಲ್ಲ. ಈ ಸಂಖ್ಯೆಯ ಆಕಾರವೇ ನಮಗೆ ಸಹಾಯ ಮಾಡುತ್ತದೆ. ಸ್ವಲ್ಪ ನಿಧಾನ ಓದಿ.

ನಮ್ಮ ಸಂಖ್ಯೆಗೆ N ಅನ್ನೋಣ. 9 × N ಅಂದರೆ ಹತ್ತೊಂಬತ್ತು ಒಂಬತ್ತುಗಳು, ಅಂದರೆ 10^19 − 1 (10^19 ಅಂದರೆ 10ರ 19ನೇ ಘಾತ). p ಅನ್ನುವ ಅವಿಭಾಜ್ಯ N ಅನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 10^19 ಅನ್ನು p ಇಂದ ಭಾಗಿಸಿದರೆ ಶೇಷ 1 ಬರಬೇಕು. ಈಗ 1, 10, 100, 1000... ಇವನ್ನೆಲ್ಲ p ಇಂದ ಭಾಗಿಸುತ್ತಾ ಶೇಷ ಬರೆಯುತ್ತಾ ಹೋಗಿ. ಶೇಷಗಳು ಸುತ್ತು ಹೊಡೆದು ಮತ್ತೆ 1ಕ್ಕೆ ಬರುತ್ತವೆ. 19ನೇ ಹೆಜ್ಜೆಗೆ 1 ಬಂದೇ ಬರುತ್ತದೆ. ಹಾಗಾಗಿ ಸುತ್ತಿನ ಉದ್ದ 19ನ್ನು ಭಾಗಿಸಬೇಕು. ಅಂದರೆ ಉದ್ದ 1 ಇಲ್ಲವೇ 19. ಉದ್ದ 1 ಆಗಬೇಕಾದರೆ p ಎಂದರೆ 3 ಆಗಿರಬೇಕು. ಆದರೆ N ನ ಅಂಕಿಗಳ ಮೊತ್ತ 19, ಅದಕ್ಕೆ 3ರಿಂದ ಭಾಗ ಹೋಗಲ್ಲ. ಉಳಿದದ್ದು 19.

ಇನ್ನು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ ಮಾತು: p − 1 ಹೆಜ್ಜೆಗೂ ಶೇಷ 1 ಬರುತ್ತದೆ. ಹಾಗಾದರೆ p − 1ಕ್ಕೆ 19ರಿಂದ ಭಾಗ ಹೋಗಬೇಕು. p ಬೆಸ, p − 1 ಸಮ ಸಂಖ್ಯೆ. ಅಂದರೆ p = 38k + 1. ಬೇರೆ ರೂಪದಲ್ಲಿ ಇರುವುದಕ್ಕೆ ಸಾಧ್ಯವೇ ಇಲ್ಲ.

ಮೇಲೆ ಕೊಟ್ಟ ಪಟ್ಟಿಯಲ್ಲೇ ಪರೀಕ್ಷೆ ಮಾಡಿ. 7 ಒಂದುಗಳಿಗೆ 14k + 1 ಬರಬೇಕು. 239 = 14 × 17 + 1. 4649 = 14 × 332 + 1. ಸರಿ ಬಂತಾ?

ಶಹಾಬಾದ್ ಫರಶಿ
ಬಂತು ಅಕ್ಕೋರೆ. 13 ಒಂದುಗಳಿಗೆ 53 = 26 × 2 + 1, 79 = 26 × 3 + 1. ಇದೂ ಬಂತು. ಹಾಗಾದರೆ 105 ಕೋಟಿಯನ್ನು 38ರಿಂದ ಭಾಗಿಸಿದರೆ ಸುಮಾರು 2 ಕೋಟಿ 77 ಲಕ್ಷ ಉಳಿಯಿತು. ಒಂದೇ ಏಟಿಗೆ ಎಷ್ಟು ಇಳಿಯಿತು ನೋಡಿ.

ಯಾದಗಿರಿ ಲೆಕ್ಕದಕ್ಕ
ಇನ್ನೂ ಇಳಿಸಬಹುದು. 10^19ರ ಶೇಷ 1 ಅಂದಮೇಲೆ 10^20ರ ಶೇಷವೂ 10ರ ಶೇಷವೂ ಒಂದೇ. 10^20 ಅಂದರೆ 10^10ರ ವರ್ಗ. ಹಾಗಾಗಿ p ಲೆಕ್ಕದಲ್ಲಿ, ಅಂದರೆ p ಇಂದ ಭಾಗಿಸಿ ಶೇಷ ಮಾತ್ರ ನೋಡಿದರೆ, 10 ಒಂದು ವರ್ಗ ಸಂಖ್ಯೆಯ ಹಾಗೆ ನಡೆದುಕೊಳ್ಳುತ್ತದೆ. 10 ಹಾಗೆ ನಡೆದುಕೊಳ್ಳುವುದು p ಯನ್ನು 40ರಿಂದ ಭಾಗಿಸಿದಾಗ ಶೇಷ 1, 3, 9, 13, 27, 31, 37, 39 ಬಂದರೆ ಮಾತ್ರ. ಇದರ ಸಾಧನೆ ಡಿಗ್ರಿ ಮಟ್ಟದ್ದು, ಮಕ್ಕಳಿಗೆ ಹಾಗೇ ಹೇಳಿಬಿಡಿ.

ಇದನ್ನು 38k + 1 ಜೊತೆ ಸೇರಿಸಿದರೆ ಪ್ರತಿ 20 k ಗಳಲ್ಲಿ 8 ಮಾತ್ರ ಉಳಿಯುತ್ತವೆ. ಸುಮಾರು 1 ಕೋಟಿ 11 ಲಕ್ಷ.

ಸೇಡಂ ರೋಡ್
ಅಕ್ಕೋರೆ, ಇದು ನನಗೆ ಬೇಕಾದ ಜಾತಿಯ ಉತ್ತರ. ಇದನ್ನೇ ಹಿಡಿದು 1500ರವರೆಗೆ ಕೈಯಲ್ಲಿ ಮಾಡಿದೆ. ಅಷ್ಟರೊಳಗೆ 38k + 1 ರೂಪದ, 40ರ ನಿಯಮಕ್ಕೂ ಒಗ್ಗುವ ಅವಿಭಾಜ್ಯಗಳು ಮೂರೇ ಮೂರು: 191, 761, 1483. 1500ರೊಳಗಿನ ಬೇರೆ ಯಾವ ಅವಿಭಾಜ್ಯವೂ N ಅನ್ನು ಮುಟ್ಟುವಂತಿಲ್ಲ.

191 ಹೀಗೆ ಬಂತು. ಪ್ರತಿ ಸಲ ವರ್ಗ ಮಾಡಿ, 191ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳುವುದು.

10^2 → 100
10^4 → 10000, ಶೇಷ 68
10^8 → 68 × 68 = 4624, ಶೇಷ 40
10^16 → 1600, ಶೇಷ 72
10^3 → 1000, ಶೇಷ 45
10^19 → 72 × 45 = 3240, ಶೇಷ 184

1 ಬರಬೇಕಿತ್ತು, 184 ಬಂತು. ಹಾಗಾಗಿ 191ರಿಂದ ಭಾಗ ಹೋಗಲ್ಲ. ಹತ್ತೊಂಬತ್ತು ಅಂಕಿಯ ಸಂಖ್ಯೆಯನ್ನು ಒಂದು ಸಲವೂ ಬರೆಯದೆ ತೀರ್ಮಾನ ಆಯಿತು. ಮಕ್ಕಳು ಕೂತು ಮಾಡುತ್ತಾರೆ ಇದನ್ನು.

ಮಿರ್ಚಿ ಭಜಿ
ಒಂದು ಆಯಿತು, ಉಳಿದ 1 ಕೋಟಿ 11 ಲಕ್ಷ ಯಾರು ಮಾಡ್ತಾರೆ? ಕರೆಂಟ್ ಹೋಗುವುದರೊಳಗೆ ಮುಗಿಸಿ.

ಬ್ರಹ್ಮಪುರ ಬಿಸಿಲು
ಅಷ್ಟೆಲ್ಲ ಯಾಕೆ? ಫರ್ಮಾ ಪರೀಕ್ಷೆ ಇದೆಯಲ್ಲ. 10^(N−1) ಅನ್ನು N ಇಂದ ಭಾಗಿಸಿ. ಶೇಷ 1 ಬಂದರೆ ಅವಿಭಾಜ್ಯ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ನಾನು ಪೈಥಾನ್‌ನಲ್ಲಿ ಹಾಕಿದೆ, 1 ಬಂತು.

ಯಾದಗಿರಿ ಲೆಕ್ಕದಕ್ಕ
10 ಮಾತ್ರ ಹಾಕಬೇಡಿ. ಇಲ್ಲಿ ಅದು ಏನೂ ಸಾಬೀತು ಮಾಡುವುದಿಲ್ಲ.

10^19 ಅನ್ನು N ಇಂದ ಭಾಗಿಸಿದರೆ ಶೇಷ ಹೇಗೂ 1. N − 1 = 1111111111111111110. ಇದರಲ್ಲಿ ಹದಿನೆಂಟು ಒಂದುಗಳು, ಆಮೇಲೆ ಸೊನ್ನೆ. ಹದಿನೆಂಟು ಒಂದುಗಳಿಗೆ 19ರಿಂದ ಭಾಗ ಹೋಗುತ್ತದೆ. ಹಾಗಾಗಿ N ಅವಿಭಾಜ್ಯ ಆಗಿದ್ದರೂ ಇಲ್ಲದಿದ್ದರೂ ಶೇಷ 1 ಬಂದೇ ಬರುತ್ತದೆ. ನಂಬಿಕೆ ಇಲ್ಲದಿದ್ದರೆ ಏಳು ಒಂದುಗಳಿಗೆ ಇದೇ ಪರೀಕ್ಷೆ ಹಾಕಿ. 239 × 4649 ಅಂತ ಕಣ್ಣೆದುರೇ ಒಡೆದಿದೆ, ಆದರೂ 10ರ ಪರೀಕ್ಷೆ ಪಾಸಾಗುತ್ತದೆ. ಕಳ್ಳನ ಬಗ್ಗೆ ಕಳ್ಳನ ತಮ್ಮನನ್ನೇ ಸಾಕ್ಷಿ ಕೇಳಿದ ಹಾಗೆ.

ಬ್ರಹ್ಮಪುರ ಬಿಸಿಲು
ಏಳು ಒಂದುಗಳಿಗೆ ಹಾಕಿ ನೋಡಿದೆ. ನಿಜವಾಗಿಯೂ 1 ಬಂತು! 2 ಹಾಕಿದರೆ?

ಯಾದಗಿರಿ ಲೆಕ್ಕದಕ್ಕ
2 ಅಥವಾ 3 ಹಾಕಿದರೆ ಅದಕ್ಕೆ ಬೆಲೆ ಇದೆ. ಆದರೂ ಅದೊಂದೇ ಪೂರ್ತಿ ಪುರಾವೆ ಅಲ್ಲ. ಪುರಾವೆಗೆ N − 1 ಹೇಗೆ ಒಡೆಯುತ್ತದೆ ಅಂತ ಗೊತ್ತಿರಬೇಕು. ರಾತ್ರಿ ಬರೆಯುತ್ತೇನೆ, ಈಗ ರೊಟ್ಟಿ ಬಡಿಯುವ ಹೊತ್ತು.

ಮಳಖೇಡ ಹುಡುಗ
ಎಲ್ಲರೂ ಫರ್ಮಾ ಫರ್ಮಾ ಅಂತೀರಿ. ನಮ್ಮೂರಿನ ಹೆಸರು ಯಾರೂ ಎತ್ತಲಿಲ್ಲ. ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು, ಸುಮಾರು 850ರಲ್ಲಿ. ಅದರಲ್ಲಿ ಒಂದುಗಳ ಸಂಖ್ಯೆಗಳು ಇವೆ. ಇದೆಲ್ಲ ಅವರಿಗೆ ಆವಾಗಲೇ ಗೊತ್ತಿತ್ತು.

ಬೀದರ್ ಚೌಬಾರಾ
ತಮ್ಮಾ, ಅಭಿಮಾನ ಇರಲಿ, ನನಗೂ ಇದೆ. ಆದರೆ "ಎಲ್ಲ ಗೊತ್ತಿತ್ತು" ಅಂದರೆ ಅವರಿಗೆ ಗೊತ್ತಿದ್ದದ್ದರ ಬೆಲೆಯೂ ಹೋಗುತ್ತದೆ. ಪುಸ್ತಕದಲ್ಲಿ ಇರುವುದನ್ನು ಹೇಳೋಣ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಇದನ್ನು ಅಚ್ಚು ಹಾಕಿಸಿದರು. ಯಾರು ಬೇಕಾದರೂ ಓದಬಹುದು.

ಗುಣಾಕಾರದ ಭಾಗದಲ್ಲಿ ಮಹಾವೀರರು ಕೊರಳ ಹಾರದಂಥ ಸಂಖ್ಯೆಗಳನ್ನು ಕೊಡುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಇನ್ನೂ ಇವೆ. ಇವು ಗುಣಾಕಾರದ ಸೊಗಸು ತೋರಿಸುವ ಲೆಕ್ಕಗಳು. ಹತ್ತೊಂಬತ್ತು ಒಂದುಗಳು ಅವಿಭಾಜ್ಯ ಅಂತ ಅಲ್ಲಿ ಎಲ್ಲೂ ಇಲ್ಲ. ಅದನ್ನು ಸಾಧಿಸಿದವರು ಆಸ್ಕರ್ ಹಾಪ್ಪೆ, ಅದು ಅಚ್ಚಾದದ್ದು 1918ರ ಹೊತ್ತಿಗೆ. 23 ಒಂದುಗಳದ್ದನ್ನು ಡಿ. ಎಚ್. ಲೆಮರ್ 1929ರಲ್ಲಿ ಸಾಧಿಸಿದರು. ಎರಡೂ ಕಂಪ್ಯೂಟರ್ ಇಲ್ಲದ ಕಾಲದ ಕೆಲಸ, ಅದೇ ದೊಡ್ಡ ಮಾತು.

ಆದರೆ ಒಂದು ಮಾತ್ರ ಮಳಖೇಡದ ಲೆಕ್ಕಕ್ಕೆ ಸೇರಲಿ. ಮಹಾವೀರರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ, ಏಕದಿಂದ ಮಹಾಕ್ಷೋಭದವರೆಗೆ. 19ನೇ ಸ್ಥಾನ ಶಂಖ. 23ನೇದು ಕ್ಷೋಭ. ಅಂದರೆ ಈ ಎರಡು ಸಂಖ್ಯೆಗಳನ್ನೂ ಅವರ ಭಾಷೆಯಲ್ಲಿ ಓದಿ ಹೇಳಬಹುದಿತ್ತು. ನಮಗೆ ಕೋಟಿ ದಾಟಿದರೆ ಕೋಟಿ ಕೋಟಿ ಅಂತ ತಡವರಿಸಬೇಕು.

ಶಹಾಬಾದ್ ಫರಶಿ
ಚೌಬಾರಾ ಸರ, ನಿಮ್ಮ ಪಟ್ಟಿ ನೋಡಿ ಕುತೂಹಲಕ್ಕೆ N − 1 ಬಿಡಿಸಿದೆ. ನೀವೇ ನೋಡಿ.

N − 1 = 10 × (ಹದಿನೆಂಟು ಒಂದುಗಳು)
ಹದಿನೆಂಟು ಒಂದುಗಳು = 111111111 × 1000000001

ಇವು ನಿಮ್ಮ ಪಟ್ಟಿಯ ಮೂರನೇ ಮತ್ತು ನಾಲ್ಕನೇ ಸಾಲು! ಒಂದು ಹಾರ 12345679 × 9, ಇನ್ನೊಂದು ಹಾರ 142857143 × 7. ಎರಡನ್ನೂ ಗುಣಿಸಿ, ಹತ್ತರಿಂದ ಗುಣಿಸಿ, ಒಂದು ಕೂಡಿದರೆ ನಮ್ಮ N.

ಮಳಖೇಡ ಹುಡುಗ
ನಾನು ಹೇಳಲಿಲ್ವಾ!

ಬೀದರ್ ಚೌಬಾರಾ
ನೀನು ಹೇಳಿದ್ದು ಬೇರೆ, ಇದು ಬೇರೆ. ಒಂದುಗಳನ್ನು ಒಂಬತ್ತೊಂಬತ್ತಾಗಿ ಕಟ್ಟಿದರೆ ಈ ಎರಡು ತಾವಾಗಿಯೇ ಬರುತ್ತವೆ. ಇಂಥ ಆಕಾರದ ಸಂಖ್ಯೆ ಇಷ್ಟಪಟ್ಟವರ ಪುಸ್ತಕದಲ್ಲಿ ಎರಡೂ ಸಿಗುವುದು ಆಶ್ಚರ್ಯವೇನಲ್ಲ. ಆದರೆ ನೋಡುವುದಕ್ಕೆ ಚೆಂದ ಇದೆ, ಅದು ಒಪ್ಪಿಕೊಳ್ಳುತ್ತೇನೆ.

ಯಾದಗಿರಿ ಲೆಕ್ಕದಕ್ಕ
ಚೆಂದ ಅಷ್ಟೇ ಅಲ್ಲ, ಕೆಲಸಕ್ಕೂ ಬರುತ್ತದೆ. ನಾನು ರಾತ್ರಿ ಬರೆಯುತ್ತೇನೆ ಅಂದದ್ದು ಇದನ್ನೇ. ಫರಶಿ ಅರ್ಧ ಮಾಡಿಬಿಟ್ಟಿದ್ದಾನೆ.

ಎರಡು ಹಾರಗಳನ್ನೂ ಪೂರ್ತಿ ಬಿಡಿಸಿ:

111111111 = 3 × 3 × 37 × 333667
1000000001 = 7 × 11 × 13 × 19 × 52579

ಇದರಲ್ಲಿ ದೊಡ್ಡ ಮಣಿಗಳು ಎರಡು, 333667 ಮತ್ತು 52579. ಈ ಎರಡೇ ಸಾಕು. ಪಾಕ್ಲಿಂಗ್ಟನ್ ಅನ್ನುವವರು 1914ರಲ್ಲಿ ಕೊಟ್ಟ ಉಪಾಯ ಇದು.

ಯಾವುದಾದರೂ ಒಂದು a ತೆಗೆದುಕೊಳ್ಳಿ. ಎರಡು ವಿಷಯ ನೋಡಬೇಕು. ಒಂದು, a^(N−1) ಅನ್ನು N ಇಂದ ಭಾಗಿಸಿದರೆ ಶೇಷ 1 ಬರಬೇಕು. ಎರಡು, q ಅಂದರೆ 333667 ಅಥವಾ 52579 ಆಗಿರಲಿ, a^((N−1)/q) ಇಂದ 1 ಕಳೆದರೆ ಬರುವುದಕ್ಕೂ N ಗೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು.

ಇದು ಪಾಸಾದರೆ ಏನಾಗುತ್ತದೆ? N ಗೆ p ಅನ್ನುವ ಅವಿಭಾಜ್ಯ ಅಪವರ್ತನ ಇದೆ ಅಂದುಕೊಳ್ಳಿ. p ಲೆಕ್ಕದಲ್ಲಿ a ಯ ಘಾತಗಳು ಸುತ್ತು ಹೊಡೆಯುತ್ತವೆ. ಸುತ್ತಿನ ಉದ್ದ N − 1 ಅನ್ನು ಭಾಗಿಸುತ್ತದೆ, ಆದರೆ (N−1)/q ಅನ್ನು ಭಾಗಿಸುವುದಿಲ್ಲ. N − 1ರಲ್ಲಿ q ಒಂದೇ ಸಲ ಇದೆ. ಹಾಗಾದರೆ ಆ ಉದ್ದದೊಳಗೆ q ಕೂತಿರಲೇಬೇಕು. ಉದ್ದ p − 1 ಅನ್ನೂ ಭಾಗಿಸುತ್ತದೆ. ಹಾಗಾಗಿ p − 1ಕ್ಕೆ 333667ರಿಂದಲೂ 52579ರಿಂದಲೂ ಭಾಗ ಹೋಗಬೇಕು. ಎರಡರ ಗುಣಲಬ್ಧ 17,54,38,77,193. ಅಂದರೆ N ನ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 1754 ಕೋಟಿಗಿಂತ ದೊಡ್ಡದು. ಆದರೆ N ಒಡೆಯುವಂಥದ್ದಾಗಿದ್ದರೆ ಅದರ ಒಂದು ಅಪವರ್ತನ ವರ್ಗಮೂಲದೊಳಗೆ, 105 ಕೋಟಿಯೊಳಗೆ, ಸಿಗಲೇಬೇಕಿತ್ತು. ಎರಡೂ ಒಟ್ಟಿಗೆ ಆಗುವ ಮಾತಲ್ಲ. N ಒಡೆಯುವುದಿಲ್ಲ.

ಸೇಡಂ ರೋಡ್
ಎರಡು ಸಲ ಓದಿದೆ ಅಕ್ಕೋರೆ. 1 ಕೋಟಿ 11 ಲಕ್ಷ ಭಾಗಾಕಾರ ಹೋಗಿ ಎಷ್ಟಕ್ಕೆ ಬಂತು ಈಗ?

ಶಹಾಬಾದ್ ಫರಶಿ
N ಎರಡರ ಲೆಕ್ಕದಲ್ಲಿ 60 ಬಿಟ್ ಸಂಖ್ಯೆ. ಒಂದು ಘಾತಕ್ಕೆ ಅರವತ್ತರಷ್ಟು ಸಲ ವರ್ಗ ಮಾಡಿ ಶೇಷ ತೆಗೆಯಬೇಕು, ಮಧ್ಯೆ ಕೆಲವು ಗುಣಾಕಾರ. ಇಂಥವು ಮೂರು ಘಾತ. ದೊಡ್ಡ ಗುಣಾಕಾರಗಳು, ಆದರೆ ಲೆಕ್ಕದ ವಹಿಯಲ್ಲಿ ಕೂರುವಷ್ಟು. ಸೇಡಂ ರೋಡ್ ಸರ 191ಕ್ಕೆ ಮಾಡಿದ್ದಾರಲ್ಲ, ಅದೇ ಆಟ, ಅಂಕಿ ಮಾತ್ರ ಉದ್ದ.

a ಯಾವುದು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. 52579ರ ಪರೀಕ್ಷೆಯಲ್ಲಿ ಕೈಕೊಡುವ a ಗಳು 52579ಕ್ಕೆ ಒಂದು ಮಾತ್ರ. 10 ಮಾತ್ರ ಬೇಡ, ಅದು ಎರಡನೇ ಷರತ್ತಿನಲ್ಲೇ ಬೀಳುತ್ತದೆ.

ಇನ್ನೊಂದು ವಿಷಯ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಅತಿ ದೊಡ್ಡ ಅವಿಭಾಜ್ಯ 2^136279841 − 1. ಹತ್ತರ ಲೆಕ್ಕದಲ್ಲಿ 4,10,24,320 ಅಂಕಿ. ಎರಡರ ಲೆಕ್ಕದಲ್ಲಿ ಬರೆದರೆ ಅದೂ ಬರೀ ಒಂದುಗಳೇ, 13 ಕೋಟಿ 62 ಲಕ್ಷ ಒಂದುಗಳು. ಅಲ್ಲಿ ಆ ಸಂಖ್ಯೆಗೆ 1 ಕೂಡಿದರೆ ಬರುವುದು ಬರೀ ಎರಡುಗಳ ಗುಣಾಕಾರ. ಅದಕ್ಕೇ ಅಷ್ಟು ದೊಡ್ಡದನ್ನೂ ಪರೀಕ್ಷಿಸಲು ಆಯಿತು. ಪಕ್ಕದ ಸಂಖ್ಯೆ ಸುಲಭವಾಗಿ ಬಿಡಿಸಿಕೊಂಡರೆ ನಮ್ಮ ಸಂಖ್ಯೆಯ ಪರೀಕ್ಷೆ ಸುಲಭ.

ಬ್ರಹ್ಮಪುರ ಬಿಸಿಲು
ಇದು ಬ್ಯಾಂಕ್ ಆ್ಯಪ್‌ಗಳಲ್ಲಿ ಬಳಸುವ ಅವಿಭಾಜ್ಯನಾ?

ಶಹಾಬಾದ್ ಫರಶಿ
ಇಲ್ಲ, 19 ಅಂಕಿ ಬಹಳ ಚಿಕ್ಕದು. ಮಾಹಿತಿಯನ್ನು ಗುಟ್ಟಾಗಿಡುವ 2048 ಬಿಟ್ ಆರ್‌ಎಸ್‌ಎ ಬೀಗಕ್ಕೆ ಮುನ್ನೂರು ದಾಟಿದ ಅಂಕಿಗಳ ಎರಡು ಅವಿಭಾಜ್ಯ ಬೇಕು. ಅದೂ ಯಾರಿಗೂ ಊಹಿಸಲು ಆಗದಂಥವು. ಬರೀ ಒಂದುಗಳನ್ನು ಬೀಗದ ಕೀ ಮಾಡುವುದೂ ಫೋನ್ ಪಾಸ್‌ವರ್ಡ್ 1111 ಇಡುವುದೂ ಒಂದೇ.

ಯಾದಗಿರಿ ಲೆಕ್ಕದಕ್ಕ
ಮಕ್ಕಳಿಗೆ ತೋರಿಸಲು ಇನ್ನೊಂದು ಗುಣ ಇದೆ. 1 ಅನ್ನು N ಇಂದ ಭಾಗಿಸಿದರೆ ದಶಮಾಂಶದಲ್ಲಿ 18 ಸೊನ್ನೆ, ಒಂದು 9, ಮತ್ತೆ 18 ಸೊನ್ನೆ, ಒಂದು 9, ಹೀಗೆ ಕೊನೆಯಿಲ್ಲದೆ. ಸುತ್ತಿನ ಉದ್ದ 19. ಇಡೀ ಅವಿಭಾಜ್ಯಗಳ ಲೋಕದಲ್ಲಿ ಸರಿಯಾಗಿ 19 ಅಂಕಿಗೆ ಮರುಕಳಿಸುವುದು ಇದೊಂದೇ, ಯಾಕೆಂದರೆ ಅಂಥದ್ದು ಇದ್ದರೆ N ಅನ್ನು ಭಾಗಿಸಲೇಬೇಕು. ಇದೇ ರೀತಿ 3 ಅಂಕಿಯ ಸುತ್ತಿಗೆ 37 ಒಂದೇ: 1/37 = 0.027027... 9 ಅಂಕಿಯ ಸುತ್ತಿಗೆ 333667 ಒಂದೇ. ಆ ಎರಡೂ ಮಹಾವೀರರ 12345679ರೊಳಗೆ ಇವೆ, 37 × 333667 = 12345679. ಗುಣಿಸಿ ನೋಡಲಿ ಮಕ್ಕಳು.

ಮಳಖೇಡ ಹುಡುಗ
ಸರ, 23 ಒಂದುಗಳಿಗೂ ಇದೇ ಉಪಾಯ ನಡೆಯುತ್ತಾ? ಕ್ಷೋಭ ಅಂದರಲ್ಲ ಚೌಬಾರಾ ಸರ, ಅದಕ್ಕೆ.

ಶಹಾಬಾದ್ ಫರಶಿ
ನಡೆಯುತ್ತದೆ. N − 1ರಲ್ಲಿ 22 ಒಂದುಗಳು. ಹನ್ನೊಂದು ಹನ್ನೊಂದಾಗಿ ಕಟ್ಟು: 11111111111 × 100000000001. ಮೊದಲನೇದು 21649 × 513239. ಎರಡನೇದು 11 × 11 × 23 × 4093 × 8779. ವರ್ಗಮೂಲ ಸುಮಾರು 10,541 ಕೋಟಿ. 21649 ಮತ್ತು 513239 ಗುಣಿಸಿದರೆ 1111 ಕೋಟಿ, ಸಾಲದು. 8779 ಕೂಡ ಸೇರಿಸಿಕೋ, ದಾಟುತ್ತದೆ. ಮೂರು ಮಣಿ ಬೇಕು, ಅಷ್ಟೇ.

ಮಿರ್ಚಿ ಭಜಿ
ನಾನೂ ಸುಮ್ನೆ ಕೂತಿಲ್ಲ. 761 ಮಾಡಿದೆ. 100, 107, 34, 395. 1000ಕ್ಕೆ ಶೇಷ 239. 395 × 239 = 94405, ಶೇಷ 41. ಹೋಗಲ್ಲ. 1483 ಯಾರಾದರೂ ಹಿಡೀರಿ.

ಸೇಡಂ ರೋಡ್
1483 ಕ್ಲಾಸಿಗೆ ಇಟ್ಟುಕೊಂಡಿದ್ದೇನೆ, ಇಲ್ಲಿ ಉತ್ತರ ಹಾಕಬೇಡಿ. ಆ ಹುಡುಗನೂ ಇದನ್ನು ಓದುತ್ತಾನೆ.